ಹೊಳೆ ಬಂದಾಗ ಎಬ್ಬಿಸಿ

ಅಮೆರಿಕದ ಈ ಕೌಂಟಿಯ, ಎಂದರೆ ಜಿಲ್ಲೆಯ, ಗಡಿ ಎಲ್ಲಿದೆ, ಸ್ವಲ್ಪ ತೋರಿಸಿ ಎಂದು ಕೇಳಿದವರಿಗೆಲ್ಲ ನಾನು ಒಂದು ಪುಸ್ತಕ ತೋರಿಸಿದ್ದೇನೆ. ಅವರಿಗೆ ನಿರಾಸೆಯಾಗುತ್ತದೆ. ಒಂದು ಬೇಲಿಯೋ ಕಲ್ಲೋ ಇರಬೇಕು, ಕೊನೆಗೆ ರಸ್ತೆಯ ಮೇಲೊಂದು ಹಳದಿ ಪಟ್ಟೆಯಾದರೂ ಇರಬೇಕು ಅನ್ನುವುದು ಅವರ ನಿರೀಕ್ಷೆ. ರಸ್ತೆಬದಿಯಲ್ಲಿ ಹಸಿರು ಫಲಕ ಇರುತ್ತದೆ ನಿಜ. ಆದರೆ ಅದನ್ನು ನೆಟ್ಟವರು ಗುಂಡಿ ತೋಡಲು ಸಲೀಸಾದ ಜಾಗ ನೋಡಿ ನೆಟ್ಟಿರುತ್ತಾರೆ. ನಿಜವಾದ ಗಡಿ ಇರುವುದು ರಾಜ್ಯದ ಕಾನೂನು ಪುಸ್ತಕದಲ್ಲಿ, ಒಂದು ಉದ್ದನೆಯ ವಾಕ್ಯವಾಗಿ. ಇಂಥ ಮೂಲೆಯಿಂದ ಹೊರಟು, ಇಂಥ ರೇಖೆ ಹಿಡಿದು ಪೂರ್ವಕ್ಕೆ ಹೋಗಿ, ಹೊಳೆಯ ಮುಖ್ಯ ಹರಿವಿನ ನಡುಮಧ್ಯವನ್ನು ಮುಟ್ಟಿ, ಅಲ್ಲಿಂದ ಹೊಳೆಯ ನಡುವೆಯೇ ಮೇಲಕ್ಕೆ ಹತ್ತಿ, ಪರ್ವತಸಾಲಿನ ನೆತ್ತಿ ಸೇರಿ, ನೆತ್ತಿಯ ಗುಂಟ ನಡೆದು, ಕೊನೆಗೆ ಹೊರಟ ಜಾಗಕ್ಕೇ ವಾಪಸು ಬರುವ ವಾಕ್ಯ. ಅದನ್ನು ಓದಿ ನೆಲಕ್ಕೂ ನಕ್ಷೆಗೂ ಇಳಿಸುವುದು ನನ್ನ ಕೆಲಸವಾಗಿತ್ತು.

ಈ ಸಿಯಾಟಲ್ ಸೀಮೆಯ ಕನ್ನಡದ ಮಕ್ಕಳಲ್ಲಿ ಇಬ್ಬರು ಮೂವರು ಈಗ ಸಾಫ್ಟ್‌ವೇರ್ ಬಿಟ್ಟು ಸರ್ವೆ ಓದುತ್ತಿದ್ದಾರೆ ಎಂದು ಕೇಳಿ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬಾರದಿದ್ದರೆ ಅಪ್ಪ ಅಮ್ಮ ಗಟ್ಟಿಯಾಗಿ ಓದಿ ಹೇಳಲಿ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಪರವಾಗಿಲ್ಲ. ಗಟ್ಟಿಯಾಗಿ ಓದುವುದು ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಮಂಡ್ಯದಲ್ಲಿ ಸರ್ವೆ ಇಲಾಖೆಯಲ್ಲಿ ಕೆಲವು ವರ್ಷ ಅಳತೆಯ ಸರಪಳಿ ಎಳೆದವನು ನಾನು. ನನ್ನ ಹೆಂಡತಿ ವಿಮಲಾಗೆ ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಅವಳ ಸೂಟ್‌ಕೇಸುಗಳ ಹಿಂದೆ ನಾನೂ ಬಂದೆ. ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಒಂದು ವರ್ಷ ಕೂತು ಸಾರು ಮಾಡುವುದನ್ನು ಕಲಿತೆ. ಕೆಲಸ ಮಾಡುವ ಪರವಾನಗಿ ಕೈಗೆ ಬಂದಾಗ ಸಿಕ್ಕಿದ್ದು ಒಂದು ಸಣ್ಣ ಸರ್ವೆ ಕಂಪನಿಯಲ್ಲಿ ಅಳತೆಯ ಕೋಲು ಹಿಡಿದು ನಿಲ್ಲುವ ಕೆಲಸ. ಊರಿನಲ್ಲಿ ನನ್ನ ಕೈಕೆಳಗೆ ಇಬ್ಬರು ಕೋಲು ಹಿಡಿಯುತ್ತಿದ್ದರು. ಇಲ್ಲಿ ನಾನೇ ಸೊಂಟದುದ್ದದ ಜರೀಗಿಡದ ನಡುವೆ ಮಳೆಯಲ್ಲಿ ನೆನೆಯುತ್ತ ನಿಂತೆ. ಮೊದಲ ಚಳಿಗಾಲ ಪೂರ್ತಿ ನನಗೆ ಸಿಟ್ಟು ಬಂದಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಆ ಸಿಟ್ಟನ್ನು ಇಳಿಸಿದವರು ವಾಲ್ಟರ್. ಕಂಪನಿಯ ಹಿರಿಯ ಸರ್ವೆಯರ್ ಅವರು. ಯಾವ ನಕ್ಷೆ ಹೊರಗೆ ಹೋಗಬೇಕಾದರೂ ಅವರ ಸಹಿ ಬೇಕು. ಆರಡಿ ಎತ್ತರ, ದೊಡ್ಡ ಕೈ, ಮಾತು ಕಡಿಮೆ. ನಾನು ‘ಸರ್’ ಎಂದರೆ, “ನನ್ನ ಹೆಸರು ವಾಲ್ಟರ್. ಸರ್ ಅಂತ ಕರೆಸಿಕೊಳ್ಳೋವಷ್ಟು ನಾನು ಏನೂ ಮಾಡಿಲ್ಲ” ಎನ್ನುತ್ತಿದ್ದರು. ಎರಡು ವರ್ಷ ಬೇಕಾಯಿತು ನನಗೆ ಆ ಹೆಸರು ಬಾಯಲ್ಲಿ ಬರಲು. ಶ್ರೀಕಂಠ ಎನ್ನುವ ನನ್ನ ಹೆಸರನ್ನು ಅವರು ಮೊದಲ ದಿನವೇ ‘ಶ್ರೀ’ ಮಾಡಿಬಿಟ್ಟಿದ್ದರು. ಅದಕ್ಕೆ ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ನಮ್ಮ ಕಡೆ ಜಮೀನನ್ನು ಪತ್ರದಲ್ಲಿ ಹೇಗೆ ವರ್ಣಿಸುತ್ತೀರಿ ಎಂದು ಕೇಳಿದರು. ನಾನು ಚಕ್ಕುಬಂದಿ ಹೇಳಿದೆ. ಪೂರ್ವಕ್ಕೆ ಕೆಂಪಯ್ಯನ ಗದ್ದೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸಿದ್ದಮ್ಮನ ತೋಟ. ಈ ನಾಲ್ಕರ ನಡುವೆ ಇರುವುದು ನಿನ್ನದು.

“ಹಾಗಾದರೆ ಗೆರೆ ಎಲ್ಲಿ?” ಎಂದರು ವಾಲ್ಟರ್.

“ಗೆರೆ ಹೇಳೋದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳ್ತೀವಿ.”

“ಕೆಂಪಯ್ಯ ಗದ್ದೆ ಮಾರಿದರೆ?”

“ಮುಂದಿನ ಪತ್ರದಲ್ಲಿ ಕೊಂಡವನ ಹೆಸರು ಬರೀತೀವಿ. ಈಗ ಯಾರಿದ್ದಾರೋ ಅವರೇ ಎಲ್ಲೆ.”

ಅವರು ಸ್ಯಾಂಡ್‌ವಿಚ್ ಅಗಿದು ಮುಗಿಸಿದರು. ಚೆನ್ನಾಗಿದೆ, ಆದರೆ ನೆರೆಯವರು ಒಳ್ಳೆಯವರಾಗಿರಬೇಕು ಎಂದರು. ಅವತ್ತು ಇಬ್ಬರೂ ನಕ್ಕೆವು. ಈಗ ಇರುವುದೇ ಎಲ್ಲೆ ಎನ್ನುವ ನನ್ನ ಮಾತು ಮುಂದೆ ನನ್ನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ಆಗ ಹೊಳೆಯಲಿಲ್ಲ.

ಚಕ್ಕುಬಂದಿಯ ಮಾತು ಬಂದಾಗ ಮೊನ್ನೆಯ ಒಂದು ಗೃಹಪ್ರವೇಶ ನೆನಪಾಗುತ್ತದೆ. ವುಡಿನ್‌ವಿಲ್‌ನ ಉತ್ತರದ ಅಂಚಿನಲ್ಲಿ ಮನೆ. ಎರಡು ಕೌಂಟಿಗಳ ಗಡಿ ಅಲ್ಲೇ ಹಾದುಹೋಗುತ್ತದೆ. ಪುರೋಹಿತರು ಸಂಕಲ್ಪಕ್ಕೆ ಕೂತು, “ಕೌಂಟಿ ಯಾವ್ದು ಹೇಳ್ಬಿಡಿ, ಸೇರಿಸ್ಬೇಕು” ಎಂದರು. ಯಜಮಾನ ಒಂದು ಹೆಸರು ಹೇಳಿದ. ಅವನ ಹೆಂಡತಿ, “ಅಲ್ಲ ರೀ, ಸ್ಕೂಲ್ ಬಸ್ ಬರೋದು ಆ ಕಡೆ ಕೌಂಟಿಯಿಂದ ಅಲ್ವಾ?” ಎಂದಳು. ಗಂಡ ಹೆಂಡತಿ ಮಣೆಯ ಮೇಲೆ ಕೂತೇ ವಾದಕ್ಕಿಳಿದರು. ಕೊನೆಗೆ, “ಅಂಕಲ್, ನಿಮ್ಗೆ ಗೊತ್ತಿರತ್ತಲ್ಲ, ಸ್ವಲ್ಪ ಚೆಕ್ ಮಾಡಿ ಹೇಳಿ” ಎಂದು ನನ್ನನ್ನು ಎಬ್ಬಿಸಿದರು. ನಾನು ಪಂಚೆ ಎತ್ತಿ ಕಟ್ಟಿಕೊಂಡು ಹಿತ್ತಲಿಗೆ ಹೋಗಿ, ಹಳೆಯ ಮೂಲೆಗುರುತು ಹುಡುಕಿ, ಬಂದು ತೀರ್ಪು ಕೊಟ್ಟೆ. ದೇವರ ಮನೆ ಯಜಮಾನ ಹೇಳಿದ ಕೌಂಟಿಯಲ್ಲೇ ಇತ್ತು. ಊಟಕ್ಕೆ ಹಾಕಿದ್ದ ಟೆಂಟು ಮಾತ್ರ ಅರ್ಧ ಆಚೆ ಹೋಗಿತ್ತು. ಅವತ್ತು ಸಂಕಲ್ಪ ಒಂದು ಕೌಂಟಿಯಲ್ಲಿ, ಬಿಸಿಬೇಳೆಬಾತ್ ಇನ್ನೊಂದರಲ್ಲಿ.

ಸಂಕಲ್ಪವೂ ಒಂದು ಗಡಿವರ್ಣನೆಯೇ ಎಂದು ಅವತ್ತು ನನಗೆ ಹೊಸದಾಗಿ ಕಂಡಿತು. ದ್ವೀಪದಿಂದ ಹೊರಟು, ಖಂಡಕ್ಕೆ ಇಳಿದು, ಇಂಥ ನದಿಯ ಇಂಥ ತೀರ ಎಂದು ಹೇಳಿ, ಈ ಮಣೆಯ ಮೇಲೆ ಕೂತ ಈ ಮನುಷ್ಯನ ತನಕ ಬಂದು ನಿಲ್ಲುತ್ತದೆ. ಬೇರೆಯವರು ಭಕ್ತಿಯಿಂದ ಕೇಳುತ್ತಿದ್ದರೆ ನನ್ನ ವೃತ್ತಿಬುದ್ಧಿ ಮಾತ್ರ ಆ ನದಿಯ ಹತ್ತಿರ ನಿಂತುಬಿಟ್ಟಿತು. ನದಿ ಜಾಗ ಬದಲಾಯಿಸಿದರೆ ಏನು ಗತಿ ಎಂದು ಕೇಳತೊಡಗಿತು. ನದಿಯಿಂದ ಪೆಟ್ಟು ತಿಂದವನಿಗೆ ಹಾಗೆಯೇ ಆಗುವುದು.

ಇನ್ನು ಆ ಪೆಟ್ಟಿನ ಕಥೆ.

ವಾಲ್ಟರ್ ಅವರದ್ದು ಒಂದು ಪದ್ಧತಿಯಿತ್ತು. ಯಾವ ಗಡಿವರ್ಣನೆಯೂ ಬಾಯಲ್ಲಿ ಓದದೆ ಹೊರಗೆ ಹೋಗಕೂಡದು. ಬರೆದವನು ಎದುರು ಕೂತು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮವನ್ನೂ ಬಿಡದೆ. ವಾಲ್ಟರ್ ಕಣ್ಣು ಮುಚ್ಚಿ ಕೇಳುತ್ತಾರೆ. ಅವರ ಬಲಗೈಯ ತೋರುಬೆರಳು ಮೇಜಿನ ಮೇಲೆ ನಡೆಯುತ್ತಿರುತ್ತದೆ. ‘ಪೂರ್ವಕ್ಕೆ’ ಎಂದರೆ ಬಲಕ್ಕೆ, ‘ಉತ್ತರಕ್ಕೆ’ ಎಂದರೆ ಮೇಲಕ್ಕೆ. ಎಲ್ಲ ಸರಿಯಿದ್ದರೆ ಬೆರಳು ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ನಡುವೆ ಎಲ್ಲಾದರೂ ನಿಂತರೆ ತಪ್ಪಿದೆ ಎಂದು ಅರ್ಥ. ಆಗ ಅವರು ಕಣ್ಣು ತೆರೆಯದೆ, “ಅಲ್ಲಿ ನಾನು ದಾರಿ ತಪ್ಪಿದೆ. ಮತ್ತೆ ಕರಕೊಂಡು ಹೋಗು” ಎನ್ನುತ್ತಿದ್ದರು. ಓದಿ ಮುಗಿದ ಮೇಲೆ ಕಾಗದದ ಕೆಳಗೆ ಎರಡು ಸಹಿ: ಓದಿದವರು, ಕೇಳಿದವರು.

ಹೊಸಬರು ಇದನ್ನು ಮುದುಕನ ಹುಚ್ಚು ಎಂದು ಆಡಿಕೊಳ್ಳುತ್ತಿದ್ದರು. ನನಗೆ ಮಾತ್ರ ಇಷ್ಟವಾಗಿತ್ತು. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಸಿಗುವುದನ್ನು ಎಷ್ಟೋ ಸಲ ನೋಡಿದ್ದೆ. ಪಶ್ಚಿಮ ಎಂದು ಬರೆಯುವ ಕಡೆ ಪೂರ್ವ ಎಂದು ಬರೆದು ಒಂದಿಡೀ ಶಾಲೆಯನ್ನು ಕೆರೆಯೊಳಗೆ ಇಟ್ಟಿದ್ದೆ ಒಮ್ಮೆ. ಆ ಶಾಲೆಯನ್ನು ದಡಕ್ಕೆ ತಂದದ್ದು ವಾಲ್ಟರ್ ಅವರ ಬೆರಳು.

ಕಾಗದದ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲ ಬಂತು. ಪೂರ್ವದ ಬೆಟ್ಟಸೀಮೆಯಲ್ಲಿ ಎರಡು ಕೌಂಟಿಗಳ ನಡುವಿನ ಗಡಿಯನ್ನು ಕಾನೂನಿನಿಂದ ನಕ್ಷೆಗೆ ಇಳಿಸುವ ಕೆಲಸ ನಮ್ಮ ಕಂಪನಿಗೆ ಬಂತು. ಅಷ್ಟು ಹೊತ್ತಿಗೆ ನಾನು ಕೋಲು ಬಿಟ್ಟು ಮೇಜಿಗೆ ಬಂದಿದ್ದೆ. ಗಡಿಯ ದೊಡ್ಡ ಭಾಗ ಒಂದು ಹೊಳೆ, ಹಿಮ ಕರಗಿ ಹಾಲಿನ ಬಣ್ಣದಲ್ಲಿ ಇಳಿದು ಬರುವ ಹೊಳೆ. ಉತ್ತರಕ್ಕೆ ಒಂದು ಕೌಂಟಿ, ದಕ್ಷಿಣಕ್ಕೆ ಇನ್ನೊಂದು. ಕಾನೂನಿನಲ್ಲಿ ಇದ್ದದ್ದು ‘ಹೊಳೆಯ ಮುಖ್ಯ ಹರಿವಿನ ನಡುಮಧ್ಯ’ ಎಂದಷ್ಟೇ. ನಾನು ವಿಮಾನದಿಂದ ತೆಗೆದ ಫೋಟೋ ಮುಂದಿಟ್ಟುಕೊಂಡು, ಹೊಳೆ ಕಂಡ ಕಡೆ ಗೆರೆ ಎಳೆದೆ. ವರ್ಣನೆಯಲ್ಲಿ ‘ಈಗಿನ ಹೊಳೆಯ ನಡುವೆ’ ಎಂದು ಬರೆದೆ. ಮಂಡ್ಯದ ಬುದ್ಧಿ. ಉತ್ತರಕ್ಕೆ ಹಳ್ಳ ಎಂದರೆ ಈಗ ಹಳ್ಳ ಎಲ್ಲಿದೆಯೋ ಅಲ್ಲಿ.

ಓದುವ ದಿನ ಮಧ್ಯಾಹ್ನ ವಾಲ್ಟರ್ ಎದುರು ಕೂತೆ. ಆ ತಿಂಗಳುಗಳಲ್ಲಿ ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಆರೈಕೆ ಮಾಡುವವರು ವಾಲ್ಟರ್ ಒಬ್ಬರೇ. ಕಣ್ಣ ಕೆಳಗೆ ಕಪ್ಪಾಗಿತ್ತು. ಹೀಟರಿನ ಬಿಸಿ, ಹೊರಗೆ ಸಣ್ಣ ಮಳೆ. ನಾನು ಮೂಲೆಯಿಂದ ಹೊರಟು, ರೇಖೆ ಹಿಡಿದು, ಹೊಳೆಗೆ ಇನ್ನೇನು ಇಳಿಯಬೇಕು, ಬೆರಳು ನಿಂತಿತು. ತಪ್ಪು ಸಿಕ್ಕಿತು ಎಂದುಕೊಂಡು ತಲೆಯೆತ್ತಿದೆ. ವಾಲ್ಟರ್ ನಿದ್ದೆ ಹೋಗಿದ್ದರು.

ನಮ್ಮ ಮನೆಯಲ್ಲಿ ಅಪ್ಪ ಮಧ್ಯಾಹ್ನ ಮಲಗಿದರೆ ಅಮ್ಮ ಒಗ್ಗರಣೆ ಹಾಕುತ್ತಿರಲಿಲ್ಲ, ಸದ್ದಾಗುತ್ತದೆ ಎಂದು. ಮಂಡ್ಯದ ನಮ್ಮ ಹಿರಿಯ ಸರ್ವೆಯರ್ ಹೊಂಗೆ ಮರದ ಕೆಳಗೆ ತೂಕಡಿಸಿದರೆ ನಾವು ಸರಪಳಿಯನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಕಾಯುತ್ತಿದ್ದೆವು. ಮಲಗಿದ ದೊಡ್ಡವರನ್ನು ಮುಟ್ಟಿ ಎಬ್ಬಿಸುವುದು ನನ್ನ ಕೈಗೆ ಬಾರದ ಕೆಲಸ. ಹಾಗೆಂದು ಓದುವುದನ್ನು ನಿಲ್ಲಿಸಿದರೆ, ನಿಶ್ಶಬ್ದಕ್ಕೇ ಎಚ್ಚರವಾಗಿ ಅವರು ನಾಚಿಕೊಂಡಾರು ಅನಿಸಿತು. ನಾನು ದನಿ ತಗ್ಗಿಸಿ ಓದುತ್ತ ಹೋದೆ. ಹೊಳೆ ದಾಟಿತು, ನೆತ್ತಿ ದಾಟಿತು, ಹೊರಟ ಜಾಗಕ್ಕೆ ಬಂದೆ. ಕುರ್ಚಿ ಸ್ವಲ್ಪ ಎಳೆದೆ. ಅವರು ಕಣ್ಣು ಬಿಟ್ಟರು. ಕಾಗದ ಮುಂದಿಟ್ಟೆ. ಸಹಿ ಮಾಡಿದರು. ನಾನು ಮಾಡಿದ್ದು ಮರ್ಯಾದೆ ಎಂದೇ ಅವತ್ತು ತಿಳಿದಿದ್ದೆ.

ನಕ್ಷೆ ಎರಡೂ ಕೌಂಟಿಗಳಿಗೆ ಹೋಯಿತು. ಮತದಾರರ ಪಟ್ಟಿಯನ್ನು ಅದರ ಪ್ರಕಾರ ಸರಿಹೊಂದಿಸಿದರು. ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ನಮ್ಮ ಕಚೇರಿಗೆ ರಬ್ಬರ್ ಬೂಟು ಹಾಕಿಕೊಂಡ ಒಬ್ಬ ಅಜ್ಜಿ ಬಂದರು. ಎಪ್ಪತ್ತು ದಾಟಿರಬೇಕು. ಮಾಸಿದ ಕೆಂಪು ಜಾಕೆಟ್ಟಿನ ಬೆನ್ನ ಮೇಲೆ ಅಗ್ನಿಶಾಮಕ ಠಾಣೆಯ ಹೆಸರು. ಅವರ ಹೆಸರು ಇಂಗ್ರಿಡ್.

ಆ ಹೊಳೆಯ ಪಕ್ಕದಲ್ಲೇ ಅವರ ಮನೆ. ಹಿಂದೊಮ್ಮೆ ಅವರ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ದೂರದ ಪಟ್ಟಣದಿಂದ ಬೆಂಕಿ ಆರಿಸುವ ಗಾಡಿ ಬರುವಷ್ಟರಲ್ಲಿ ಎಲ್ಲ ಬೂದಿಯಾಗಿತ್ತಂತೆ. ಆಮೇಲೆ ಅವರೂ ಅವರ ಗಂಡನೂ ಮನೆಮನೆ ತಿರುಗಿ, ಉತ್ತರದ ಕೌಂಟಿಯಲ್ಲಿ ಸ್ವಯಂಸೇವಕರ ಒಂದು ಠಾಣೆ ಕಟ್ಟಿಸಿದ್ದರು. ಗಂಡ ತೀರಿಕೊಂಡ ಮೇಲೆ ಠಾಣೆಯ ಮಂಡಳಿಯಲ್ಲಿ ಅವರ ಕುರ್ಚಿಗೆ ಇಂಗ್ರಿಡ್ ಚುನಾಯಿತರಾಗಿದ್ದರು. ಆ ಕುರ್ಚಿಯಲ್ಲಿ ಕೂರಬೇಕಾದರೆ ಅದೇ ಕೌಂಟಿಯ ಮತದಾರರಾಗಿರಬೇಕು. ಈಗ ಅವರಿಗೆ ಕಾಗದ ಬಂದಿತ್ತು: ನಿಮ್ಮ ಮನೆ ದಕ್ಷಿಣದ ಕೌಂಟಿಯಲ್ಲಿದೆ, ನಿಮ್ಮ ಹೆಸರು ಪಟ್ಟಿಯಿಂದ ತೆಗೆದಿದೆ, ಆದ್ದರಿಂದ ಕುರ್ಚಿ ಖಾಲಿ. ಆರು ವಾರದ ನಂತರದ ಸಭೆಯಲ್ಲಿ ಬೇರೆಯವರನ್ನು ನೇಮಿಸುತ್ತೇವೆ.

ಇಂಗ್ರಿಡ್ ಜಗಳ ಮಾಡಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು, “ಈ ಗೆರೆ ಎಳೆದವರು ಯಾರು?” ಎಂದು ಕೇಳಿದರು.

“ನಾನು. ಕೆಳಗೆ ನನ್ನ ಸಹಿ ಇದೆ” ಎಂದರು ವಾಲ್ಟರ್.

ನಾನು ಅಲ್ಲೇ ಇದ್ದೆ, ಮೂರು ಅಡಿ ದೂರದಲ್ಲಿ. ಸ್ಟೇಪ್ಲರನ್ನು ನೋಡುತ್ತಿದ್ದೆ. ನನ್ನ ವೃತ್ತಿಯಲ್ಲಿ ನಾಚಿಕೆಯ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಶಾಲೆಯನ್ನು ಕೆರೆಗೆ ಹಾಕಿದ ದಿನ ಅಲ್ಲ, ಇದು.

“ನನ್ನ ಮನೆ ಯಾವತ್ತೂ ಉತ್ತರದ ಕೌಂಟಿಯಲ್ಲೇ ಇದ್ದದ್ದು” ಎಂದರು ಇಂಗ್ರಿಡ್. “ನನ್ನ ಗಂಡ ಚಿಕ್ಕವನಿದ್ದಾಗ ಹೊಳೆ ಮನೆಯ ದಕ್ಷಿಣಕ್ಕೆ ಹರೀತಿತ್ತು. ಒಂದು ಪ್ರವಾಹದಲ್ಲಿ ಎಲ್ಲರೂ ಗುಡ್ಡ ಹತ್ತಿ ಕೂತರು. ಇಳಿದು ಬಂದು ನೋಡಿದರೆ ಹೊಳೆ ಮನೆಯ ಉತ್ತರಕ್ಕೆ ಹೋಗಿತ್ತು. ಮನೆ ಕದಲಿಲ್ಲ. ಕದಲಿದ್ದು ಹೊಳೆ.”

ವಾಲ್ಟರ್ ನಿಧಾನವಾಗಿ ನನ್ನ ಕಾಗದ ಎತ್ತಿಕೊಂಡು ಓದಿದರು. ‘ಈಗಿನ ಹೊಳೆ’ ಎನ್ನುವ ಕಡೆ ಅವರ ಬೆರಳು ನಿಂತಿತು.

ಕಾನೂನು ಇಲ್ಲಿ ಬಹಳ ಚೆಂದ, ಹೊಸಬರು ಗಮನವಿಟ್ಟು ಕೇಳಬೇಕು. ಹೊಳೆ ವರ್ಷವರ್ಷವೂ ದಡ ಕೊರೆಯುತ್ತ ಮೆಲ್ಲಗೆ ಸರಿದರೆ ಗಡಿಯೂ ಅದರ ಜೊತೆ ಸರಿಯುತ್ತದೆ. ಒಂದೇ ಸಲಕ್ಕೆ ಹಾರಿ ಹೊಸ ದಾರಿ ಹಿಡಿದರೆ ಗಡಿ ಹಳೆಯ ದಾರಿಯಲ್ಲೇ, ನೀರಿಲ್ಲದಿದ್ದರೂ, ನಿಂತಿರುತ್ತದೆ. ಇದನ್ನು ಒಮ್ಮೆ ಕನ್ನಡ ಸಂಘದಲ್ಲಿ ಹೇಳಿದಾಗ ಯಾರೋ ಎದ್ದು, ಇದು ನಮ್ಮಂಥ ವಲಸೆಗಾರರ ಕಥೆಯೇ ಎಂದು ಗದ್ಗದಿತರಾಗಿ ಭಾಷಣ ಮಾಡಿದರು. ಇರಬಹುದು. ನಾನು ಹೇಳಿದ್ದು ಹೊಳೆಯ ವಿಷಯ. ಹೊಳೆ ಹಾರಿದ್ದೋ ಸರಿದದ್ದೋ ಎನ್ನುವುದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಸಾಕ್ಷಿ ಬೇಕು.

ಸಂಜೆ ಮನೆಗೆ ಹೋಗಿ ವಿಮಲಾಗೆ ಎಲ್ಲ ಹೇಳಿದೆ. ಅವಳು ಸೌಟು ಕೈಯಲ್ಲಿ ಹಿಡಿದೇ ನಿಂತಳು.

“ರೀ, ಅವರನ್ನ ಎಬ್ಬಿಸೋಕೆ ನಿಮಗೇನು ಕಷ್ಟ ಆಗಿತ್ತು?”

“ದೊಡ್ಡವರು, ಪಾಪ, ಸುಸ್ತಾಗಿ ಮಲಗಿದ್ರು. ಹೇಗೆ ಎಬ್ಬಿಸ್ಲಿ?”

“ದೊಡ್ಡವರಿಗೆ ಮರ್ಯಾದೆ ಕೊಡೋಕೆ ಹೋಗಿ ಒಬ್ಬ ಅಜ್ಜಿ ಮನೇನೇ ಇನ್ನೊಂದು ಕೌಂಟಿಗೆ ಎತ್ತಿ ಹಾಕಿದೀರಲ್ಲ! ಈಗ ವಾಲ್ಟರ್ ಅವರ ಹೆಸರು ಕೆಡ್ತಾ ಇದೆ. ಅದು ಮರ್ಯಾದೆನಾ?”

ಮರುದಿನ ವಾಲ್ಟರ್ ಹತ್ತಿರ ಹೋಗಿ, ಸಾಕ್ಷಿ ಹುಡುಕುವ ಕೆಲಸ ನನಗೆ ಕೊಡಿ ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಮರಗಳನ್ನು ಕೇಳು” ಎಂದರು.

ಮರಗಳನ್ನು ಕೇಳುವುದು ಎಂದರೆ ಅವುಗಳ ವಯಸ್ಸು ಕೇಳುವುದು. ಪೊಳ್ಳಾದ ಒಂದು ಉದ್ದನೆಯ ತಿರುಪನ್ನು ಕಾಂಡದೊಳಕ್ಕೆ ತಿರುಗಿಸಿದರೆ ಪೆನ್ಸಿಲಿನಷ್ಟು ದಪ್ಪದ ಕಡ್ಡಿ ಹೊರಗೆ ಬರುತ್ತದೆ. ಅದರಲ್ಲಿ ವರ್ಷಕ್ಕೊಂದು ಗೆರೆ. ಮರಕ್ಕೆ ಅಪಾಯವಿಲ್ಲ. ಹೊಳೆ ಮೆಲ್ಲಗೆ ಸರಿದಿದ್ದರೆ ಅದು ದಾಟಿ ಬಂದ ನೆಲದ ಮೇಲೆ ಹಳೆಯ ಮರವೇ ಉಳಿಯುವುದಿಲ್ಲ. ಎಲ್ಲವನ್ನೂ ಕೊರೆದು ಕೆಡವಿಕೊಂಡು ಬಂದಿರುತ್ತದೆ. ಹಾರಿದ್ದರೆ ನಡುವಿನ ನೆಲದಲ್ಲಿ ಹಳೆಯ ಮರಗಳು ನಿಂತೇ ಇರುತ್ತವೆ.

ನಾಲ್ಕು ವಾರ ಇಂಗ್ರಿಡ್ ಅವರ ಜಾಗದಲ್ಲಿ ಓಡಾಡಿದೆ. ನವೆಂಬರಿನ ಮಳೆ, ಬೂಟಿನೊಳಗೆ ನೀರು. ಇಂಗ್ರಿಡ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಎರಡನೆಯ ವಾರ ಒಳಗೆ ಕರೆದು ಕಾಫಿಯ ಜೊತೆ ಒಣಗಿಸಿದ ಮೀನು ಕೊಟ್ಟರು. ತಿನ್ನುವುದಿಲ್ಲ ಎಂದೆ. “ಮೀನು ತಿನ್ನದವನು ಹೊಳೆಯ ವಿಷಯಕ್ಕೆ ಯಾಕೆ ಬಂದೆ?” ಎಂದು ನಕ್ಕು ಬ್ರೆಡ್ಡು ಬೆಣ್ಣೆ ಇಟ್ಟರು. ಗೋಡೆಯ ಮೇಲೆ ಅವರ ಗಂಡನ ಫೋಟೋ ಇತ್ತು, ಅದೇ ಕೆಂಪು ಜಾಕೆಟ್ಟು, ಆಗ ಇನ್ನೂ ಹೊಸದು. “ಕುರ್ಚಿಯ ಆಸೆ ನನಗಿಲ್ಲ” ಎಂದರು. “ಆ ಠಾಣೆಗೆ ಅವನು ಕಲ್ಲು ಹೊತ್ತಿದ್ದಾನೆ. ನೀನು ಇಲ್ಲಿಯವಳೇ ಅಲ್ಲ ಅಂತ ಕಾಗದದಲ್ಲಿ ಬರೆದು ಕಳಿಸಿದರೆ ಹೇಗೆ ತಡೆದುಕೊಳ್ಳಲಿ?” ಆಗಲಾದರೂ ಹೇಳಬಹುದಿತ್ತು. ಬೂಟು ಹಾಕಿಕೊಂಡು ಮತ್ತೆ ಮರಗಳ ಕಡೆ ಹೋದೆ.

ಮನೆಯ ದಕ್ಷಿಣಕ್ಕೆ ಒಂದು ತಗ್ಗು ಇತ್ತು. ಪಾಚಿ ಕೆರೆದರೆ ಕೆಳಗೆಲ್ಲ ನುಣುಪಾದ ಹೊಳೆಗಲ್ಲು. ಆ ತಗ್ಗಿನೊಳಗೆ ಬೆಳೆದದ್ದೆಲ್ಲ ಆಲ್ಡರ್ ಮರಗಳು. ಎಷ್ಟು ಕೊರೆದರೂ ಎಲ್ಲ ಪ್ರವಾಹದ ನಂತರ ಹುಟ್ಟಿದವು. ತಗ್ಗಿಗೂ ಈಗಿನ ಹೊಳೆಗೂ ನಡುವೆ, ಮನೆಯ ಸುತ್ತ, ಹಳೆಯ ಸೀಡರ್ ಮರಗಳು. ಅವುಗಳ ಗೆರೆ ಎಣಿಸಿ ಎಣಿಸಿ ನನ್ನ ಕಣ್ಣು ನೋಯುತ್ತಿತ್ತು. ಪ್ರವಾಹ ಬಂದಾಗ ಅವು ಆಗಲೇ ಮುದಿಮರಗಳು. ನಾಲ್ಕನೆಯ ವಾರ, ತಗ್ಗಿನ ದಡದ ಒಂದು ಸೀಡರಿನ ಬುಡದಲ್ಲಿ ಪಾಚಿ ಬಿಡಿಸುವಾಗ ಕೈಗೆ ಕಬ್ಬಿಣ ತಾಗಿತು. ದೋಣಿಯ ಹಗ್ಗ ಕಟ್ಟುವ ಬಳೆ. ಮುಕ್ಕಾಲು ಪಾಲು ತೊಗಟೆಯೊಳಗೆ ಹೋಗಿತ್ತು. ಅಲ್ಲಿಂದ ಈಗಿನ ಹೊಳೆಯ ಸದ್ದು ಸಹ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾನು ಆ ಒದ್ದೆ ನೆಲದಲ್ಲೇ ಕೂತುಬಿಟ್ಟೆ. ಅತ್ತೆನೋ ಏನೋ, ಮಳೆಯಲ್ಲಿ ಗೊತ್ತಾಗಲಿಲ್ಲ.

ಎರಡೂ ಕೌಂಟಿಗಳ ಎಂಜಿನಿಯರುಗಳು ಬಂದು ತಗ್ಗು ನೋಡಿದರು, ಮರ ನೋಡಿದರು, ಬಳೆಯನ್ನು ಮುಟ್ಟಿ ನೋಡಿದರು. ಗಡಿಯನ್ನು ಯಾರೂ ಬದಲಿಸಬೇಕಾಗಿರಲಿಲ್ಲ. ಅದು ಕಾನೂನಿನಲ್ಲಿ ಇದ್ದಲ್ಲೇ ಇತ್ತು. ತಪ್ಪಿದ್ದದ್ದು ನನ್ನ ನಕ್ಷೆ ಮಾತ್ರ. ಪಟ್ಟಿಗೆ ಇಂಗ್ರಿಡ್ ಅವರ ಹೆಸರು ವಾಪಸು ಬಂತು. ಆರನೆಯ ವಾರದ ಸಭೆಗೆ ವಾಲ್ಟರ್ ನನ್ನನ್ನು ಕರೆದುಕೊಂಡು ಹೋದರು.

ಸಭೆ ನಡೆದದ್ದು ಠಾಣೆಯ ಶೆಡ್ಡಿನಲ್ಲಿ, ಬೆಂಕಿ ಗಾಡಿಯ ಪಕ್ಕ ಮಡಚುವ ಕುರ್ಚಿಗಳನ್ನು ಹಾಕಿ. ತಿದ್ದಿದ ವರ್ಣನೆಯನ್ನು ಓದು ಎಂದರು ವಾಲ್ಟರ್. ನಾನು ನಿಂತು ಓದಿದೆ. ಹೊಳೆಯ ಹತ್ತಿರ ಬಂದಾಗ ದನಿ ತಾನಾಗಿಯೇ ಏರಿತು: ಪ್ರವಾಹಕ್ಕೆ ಮೊದಲು ಹೊಳೆ ಹರಿಯುತ್ತಿದ್ದ ಹಳೆಯ ಪಾತ್ರದ ನಡುಮಧ್ಯ. ಓದಿ ಮುಗಿಸಿ ಕಾಗದ ಮಡಚದೆ, “ಮೊದಲ ಗೆರೆ ಎಳೆದವನು ನಾನು. ವಾಲ್ಟರ್ ಅಲ್ಲ” ಎಂದೆ.

ಇಂಗ್ರಿಡ್ ತಮ್ಮ ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡರು. “ಗೊತ್ತು. ಬೇರೆಯವರ ತಪ್ಪಿಗೆ ಯಾರೂ ಅಷ್ಟು ದಿನ ಮಳೆಯಲ್ಲಿ ನಿಂತು ಮರ ಎಣಿಸೋದಿಲ್ಲ. ಕೂತ್ಕೋ” ಎಂದು ಸಭೆ ಶುರು ಮಾಡಿದರು. ಮೊದಲ ವಿಷಯ ಹೊಸ ನೀರಿನ ಪೈಪು.

ವಾಪಸು ಬರುವಾಗ ಕಾರಿನಲ್ಲಿ ನಾನು ಉಳಿದದ್ದನ್ನೂ ಹೇಳಿದೆ. ನೀವು ಅವತ್ತು ಮಲಗಿದ್ದಿರಿ, ನಾನು ಎಬ್ಬಿಸಲಿಲ್ಲ ಎಂದೆ. ವಾಲ್ಟರ್ ಕಾರಿನ ವೇಗ ತಗ್ಗಿಸಿದರು.

“ಅರ್ಧ ನಿದ್ದೆಯಲ್ಲಿ ನನಗೆ ಗೊತ್ತಾಗಿತ್ತು, ಶ್ರೀ. ನೀನು ದನಿ ತಗ್ಗಿಸಿದೆ. ಆ ವರ್ಷದಲ್ಲಿ ನನಗೋಸ್ಕರ ದನಿ ತಗ್ಗಿಸಿದವನು ನೀನೊಬ್ಬನೇ. ಹಾಯಾಗಿತ್ತು. ಅದಕ್ಕೇ ಕಣ್ಣು ಬಿಡಲಿಲ್ಲ. ತಪ್ಪು ಇಬ್ಬರದೂ.” ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದರು: “ಇನ್ನು ಮುಂದೆ ಹೊಳೆ ಬಂದಾಗ ಎಬ್ಬಿಸು.”

ಆಮೇಲೆ ಹಲವು ವರ್ಷ ಅವರ ಜೊತೆ ಕೆಲಸ ಮಾಡಿದೆ. ಎರಡು ಸಲ ಎಬ್ಬಿಸಿದೆ. ಎರಡು ಸಲವೂ ಭುಜ ಮುಟ್ಟುವ ಮೊದಲು ನನ್ನ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತ್ತು.

ವಾಲ್ಟರ್ ನಿವೃತ್ತರಾದ ಮೇಲೆ ಪದ್ಧತಿಯೂ ನಿವೃತ್ತವಾಯಿತು. ಉಪಗ್ರಹ ನೋಡಿ ಅಳೆಯುವ ಯಂತ್ರಗಳು ಬಂದವು. ಆಕಾಶದಿಂದ ಬೆರಳಗಲದ ಲೆಕ್ಕ ಸಿಗುತ್ತದೆ. ಇದನ್ನು ನಾನು ಹಳಿಯುವುದಿಲ್ಲ. ಜರೀಗಿಡದ ನಡುವೆ ಕೋಲು ಹಿಡಿದು ನಿಂತವನಿಗೆ ಯಂತ್ರದ ಬೆಲೆ ಗೊತ್ತು. ಆದರೆ ಯಂತ್ರ ಹೇಳುವುದು ಹೊಳೆ ಈಗ ಎಲ್ಲಿದೆ ಎಂದು ಮಾತ್ರ. ಕಂಪನಿ ಫ್ಯಾಕ್ಟೋರಿಯಾ ಬಡಾವಣೆಯ ದೊಡ್ಡ ಕಟ್ಟಡಕ್ಕೆ ಹೋಯಿತು. ಗೋಡೆಗಳಿಲ್ಲದ ಹಾಲ್, ಎಲ್ಲರ ಕಿವಿಯಲ್ಲೂ ಹೆಡ್‌ಫೋನು. ನಾನು ಗಟ್ಟಿಯಾಗಿ ಓದಿದರೆ ಪಕ್ಕದವರಿಗೆ ತೊಂದರೆ ಎಂದು ನಯವಾಗಿ ಹೇಳಿದರು. ಕೊನೆಯ ವರ್ಷಗಳಲ್ಲಿ ನಾನು ಕಾಗದ ಹಿಡಿದು ಕೆಳಗಿನ ಪಾರ್ಕಿಂಗಿಗೆ ಹೋಗಿ, ಕಾರಿನೊಳಗೆ ಕೂತು, ಸ್ಟೀರಿಂಗಿಗೆ ಓದಿ ಹೇಳುತ್ತಿದ್ದೆ. ‘ಕೇಳಿದವರು’ ಎನ್ನುವ ಸಾಲು ಫಾರಮ್ಮಿನಿಂದಲೇ ಹೋಗಿತ್ತು.

ಹೊಸಬರಿಗೆ ನಾನು ಹೇಳಬೇಕಾದದ್ದು ಇಷ್ಟೇ ಇದೆ. ಕೇಳುವವರೊಬ್ಬರನ್ನು ಹುಡುಕಿಕೊಳ್ಳಿ. ಅವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ದಣಿದಿರಲಿ, ಹೊಳೆ ಬಂದಾಗ ಎಬ್ಬಿಸಿ.

ವಾಲ್ಟರ್ ಕೊನೆಯ ದಿನಗಳಲ್ಲಿ ವೃದ್ಧರ ಆರೈಕೆಯ ಒಂದು ಮನೆಯಲ್ಲಿದ್ದರು. ಹೆಂಡತಿ ಎಂದೋ ತೀರಿಕೊಂಡಿದ್ದರು. ನಾನು ಪ್ರತಿ ಬುಧವಾರ ಹೋಗುತ್ತಿದ್ದೆ. ಮಾತು ಸಾಗುತ್ತಿರಲಿಲ್ಲ. ಪೇಪರು ಓದಿದರೆ ಮುಖ ತಿರುಗಿಸುತ್ತಿದ್ದರು. ಒಂದು ಬುಧವಾರ ಹಳೆಯ ಫೈಲಿನಿಂದ ಇಂಗ್ರಿಡ್ ಅವರ ಹೊಳೆಯ ಆ ತಿದ್ದಿದ ಗಡಿವರ್ಣನೆಯನ್ನು ತೆಗೆದುಕೊಂಡು ಹೋಗಿ ಓದತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡರು. ಹೊದಿಕೆಯ ಮೇಲೆ ತೋರುಬೆರಳು ಮೆಲ್ಲಗೆ ಅಲುಗಿತು. ಮೂಲೆಯಿಂದ ಹೊರಟು ಪೂರ್ವಕ್ಕೆ ಹೋದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆರಳು ನಿಂತಿತು. ನಿದ್ದೆ ಬಂದಿತ್ತು.

ಹಾಗೇ ಬಿಟ್ಟು ಎದ್ದು ಬರಬಹುದಿತ್ತು. ನರ್ಸು ಬಾಗಿಲಲ್ಲಿ ನಿಂತು, ಮಲಗಲಿ ಬಿಡಿ ಎಂದು ಸನ್ನೆಯನ್ನೂ ಮಾಡಿದಳು. ನಾನು ದನಿ ತಗ್ಗಿಸಲಿಲ್ಲ. ಮುಂದಿನ ಸಾಲಿಗೆ ಬಂದಾಗ ಓದು ನಿಲ್ಲಿಸಿ, ಅವರ ಭುಜದ ಮೇಲೆ ಕೈಯಿಟ್ಟೆ.

“ವಾಲ್ಟರ್, ಹೊಳೆ ಬಂತು.”

ಅವರು ಕಣ್ಣು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾವ ಹೊಳೆ? ಹಳೇದೋ, ಈಗಿನದೋ?”

“ಹಳೇದು.”

“ಹಾಗಾದರೆ ಓದು” ಎಂದರು. ಹೊದಿಕೆಯ ಮೇಲೆ ಬೆರಳು ಮತ್ತೆ ನಡೆಯತೊಡಗಿತು.